ಸೋಸಿದ ಓಣಿ, ಸೋಸದ ಓಣಿ

ನನ್ನ ಮಾವನವರಿಗೆ ಹುಚ್ಚು ಹಿಡಿದಿದೆ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ನಾನು ಮಾತ್ರ ಒಪ್ಪುತ್ತಿರಲಿಲ್ಲ. ಹುಚ್ಚರಿಗೆ ಒಂದು ಹುಚ್ಚಿರುತ್ತದೆ, ಇವರಿಗೆ ಹತ್ತಿದ್ದವು. ಒಂದನ್ನು ಹಿಡಿದು ಜಗಳ ತೆಗೆಯೋಣವೆಂದರೆ ಅಷ್ಟರಲ್ಲಿ ಇನ್ನೊಂದಕ್ಕೆ ಹಾರಿರುತ್ತಿದ್ದರು.

ನಮ್ಮೂರು ಜೇವರ್ಗಿ ತಾಲ್ಲೂಕಿನದು, ನೆಲೋಗಿಯಿಂದ ಎರಡು ಹರದಾರಿ. ಎರೆಭೂಮಿ, ಮಣ್ಣಿನ ಮಾಳಿಗೆಯ ಮನೆಗಳು, ಊರಿಗೆಲ್ಲ ಒಂದೇ ಮೆಟ್ಟಿಲಬಾವಿ. ಮಾವ ವಯಸ್ಸಿನಲ್ಲಿ ನಿಜಾಮರ ಸರ್ಕಾರದಲ್ಲಿ ರಸ್ತೆ, ಕೆರೆ ಅಳೆಯುವವರ ಸಂಗಡ ಸರಪಳಿ ಹಿಡಿಯುವ ನೌಕರರಾಗಿದ್ದರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕನ್ನು ಕಾಲಿನಿಂದಲೇ ಅಳೆದವರು. ಆಗ ಯಾವನೋ ಇಂಜಿನಿಯರ ಸಾಹೇಬ ಅವರಿಗೆ ಒಂದು ಮಾತು ಕಲಿಸಿದ್ದನಂತೆ: ಕೇಳಿದ್ದನ್ನು ನಂಬಬೇಡ, ಅಳೆದದ್ದನ್ನು ನಂಬು, ಅಳೆಯಬೇಕಾದರೆ ತಕ್ಕಡಿಗೆ ಎರಡು ತಟ್ಟೆ ಬೇಕು. ನೌಕರಿ ಮುಗಿದು ಊರಿಗೆ ಬಂದರೂ ಆ ಮಾತು ಅವರನ್ನು ಬಿಡಲಿಲ್ಲ, ಅವರು ನಮ್ಮನ್ನು ಬಿಡಲಿಲ್ಲ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ತವರಿನವರು ಕೊಟ್ಟ ನನ್ನ ಹಿತ್ತಾಳೆ ಡಬ್ಬಿ ಕಾಣೆಯಾಯಿತು. ನೋಡಿದರೆ ಮಾಳಿಗೆಯ ಮೇಲೆ! ಬಾಯಿ ತಳ ಎರಡೂ ಒಂದೇ ಅಗಲ ಇದೆಯೆಂದು ಮಳೆ ಅಳೆಯಲು ಇಟ್ಟಿದ್ದರು. ಇನ್ನೊಂದು ವರ್ಷ ಮಾಳಿಗೆ ಸೋರದಂತೆ ಯಾವ ಮಣ್ಣು ಹಾಕಬೇಕೆಂದು ಏಳು ಕಡೆಯ ಮಣ್ಣು ತಂದು ಏಳು ಬುಟ್ಟಿಯಲ್ಲಿ ತುಳಿದು ಮೇಲೆ ನೀರು ಸುರಿದು ಕೂತರು. ಆ ವರ್ಷ ನಮ್ಮ ಮನೆಯೊಂದೇ ಸೋರಲಿಲ್ಲ, ಮರುವರ್ಷ ಊರೆಲ್ಲ ಅದೇ ಹಳ್ಳದ ಸವಳು ಮಣ್ಣು ಹೊತ್ತಿತು. ಜೋಳದ ತೆನೆಯನ್ನು ಕಪ್ಪು ಪುಡಿ ಮಾಡುವ ಕಾಡಿಗೆ ರೋಗಕ್ಕೆ ಬೀಜವನ್ನು ಮೈಲುತುತ್ತದ ನೀರಲ್ಲಿ ಅದ್ದಿ ಬಿತ್ತಿಸಿದರು, ಅದೂ ಅರ್ಧ ಹೊಲಕ್ಕೆ ಮಾತ್ರ. ಎತ್ತಿನ ಹೆಗಲು ಹುಣ್ಣಾಗದ ನೊಗ ಕೆತ್ತಿಸಿದರು. ಎಲ್ಲವೂ ಗೆದ್ದವೆಂದು ತಿಳಿಯಬೇಡಿ. ಬಂಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಮೇಣ ಬೂದಿ ಕಲಸಿ ಹಚ್ಚಿದ ವರ್ಷ, ಕೊಳಕೂರಿನ ಹಾದಿಯಲ್ಲಿ ಗಾಲಿ ಹೊಗೆಯಾಡಿ ಹಿಡಿದುಕೊಂಡು ಬೀಗರೆಲ್ಲ ರೇಷ್ಮೆ ಸೀರೆ ಎತ್ತಿಕೊಂಡು ನಡೆಯಬೇಕಾಯಿತು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಬೀಗಿತ್ತಿ ಬಾಯಿ ಮಾಡಿದ್ದಕ್ಕೆ ಮಾವ, "ಬ್ಯಾರೆ ಎಣ್ಣಿ ನೋಡಬೇಕಾಗ್ತದ," ಎಂದಷ್ಟೇ ಅಂದರು.

ಅವರ ಕಣ್ಣಿಗೆ ಪೊರೆ ಬಂದ ಮೇಲೆ ಇದೆಲ್ಲ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ನನ್ನ ತವರು ಆಳಂದ ಕಡೆ, ಜಿಡಗಾದ ಹತ್ತಿರ. ಮಠದ ಅಯ್ಯನವರ ಮುಂದೆ ಕೂತು ನಾಲ್ಕಕ್ಷರ ಕಲಿತಿದ್ದೆ. ಮಧ್ಯಾಹ್ನ ರೊಟ್ಟಿ ಬಡಿದು ಕೈ ತೊಳೆಯುವಷ್ಟರಲ್ಲಿ ಮಾವ ಉದ್ದನೆಯ ಪುಸ್ತಕ ಹಿಡಿದು ಕಾಯುತ್ತಿರುತ್ತಿದ್ದರು. ನಾನು ಗೊಣಗುತ್ತಲೇ ಬರೆಯುತ್ತಿದ್ದೆ. ಸುಳ್ಳೇಕೆ, ಆ ಹೊತ್ತು ನನಗೆ ಬೇಕಾಗಿತ್ತು. ಇಡೀ ಊರಿನಲ್ಲಿ ನಮ್ಮ ಮನೆಯ ಹಿರಿಯರೊಬ್ಬರೇ ಸೊಸೆಗೆ, "ನಿನಗ ಏನ ಅನಸ್ತದ?" ಎಂದು ಕೇಳುತ್ತಿದ್ದರು.

ನಾರುಹುಣ್ಣಿನ ವಿಚಾರ ಶುರುವಾದದ್ದು ನಮ್ಮ ಆಯಿಯಿಂದ. ಆಯಿ ಎಂದರೆ ಮಾವನ ಅಕ್ಕ. ಚಿಕ್ಕವಯಸ್ಸಿಗೇ ಗಂಡ ಸತ್ತು ತಮ್ಮನ ಮನೆಯಲ್ಲೇ ಮುದುಕಿಯಾದವರು.

ನಾರುಹುಣ್ಣು ಈಗಿನವರಿಗೆ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಪುಣ್ಯ. ಬೇಸಿಗೆಯಲ್ಲಿ ಕಾಲಿನ ಮೇಲೆ ಬೆಂಕಿ ಇಟ್ಟಂತೆ ಉರಿಯುವ ಬೊಬ್ಬೆ ಏಳುತ್ತದೆ. ಅದು ಒಡೆದರೆ ಒಳಗಿನಿಂದ ಬಿಳಿ ದಾರದಂಥ ಹುಳದ ತುದಿ ಇಣುಕುತ್ತದೆ, ಮೊಳಗಟ್ಟಲೆ ಉದ್ದ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದು ಸುತ್ತಿನಂತೆ ಸಾವಕಾಶ ಹೊರಗೆ ತೆಗೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ, ಹರಿದರೆ ಕಾಲೆಲ್ಲ ಬಾತು ಕೀವಾಗಿ ಎಷ್ಟೋ ಜನ ಕುಂಟರಾಗುತ್ತಿದ್ದರು. ಮೂರು ತಾಲ್ಲೂಕಿನಲ್ಲೂ ಕಟ್ಟೆಗಳ ಮೇಲೆ ಕಾಲು ಚಾಚಿ ಕಡ್ಡಿ ಸುತ್ತುತ್ತ ಕೂತವರನ್ನು ಮಾವ ಕಂಡಿದ್ದರು. ಸರಿಯಾಗಿ ಬಿತ್ತಿಗೆಯ ಮುಂದೆ ಇದು ಬರುವುದು. ಹೊಲ ಹದವಾಗಿರುತ್ತದೆ, ಮನೆಯವರು ಮೇಲೇಳುವಂತಿಲ್ಲ.

ನಮ್ಮ ಮನೆಯಲ್ಲಿ ಮಾವನಿಗೆ ಬಂದಿತ್ತು, ನನ್ನ ಗಂಡನಿಗೆ ಎರಡು ಸಲ ಬಂದಿತ್ತು, ನನಗೂ ಒಮ್ಮೆ. ಆಯಿಗೆ ಮಾತ್ರ ಜನ್ಮದಲ್ಲಿ ಬಂದಿರಲಿಲ್ಲ. "ಶಿವಾ ನನ್ನ ಕೈ ಬಿಟ್ಟಿಲ್ಲೋ," ಎಂದು ಅವರು ಎದೆಯ ಲಿಂಗ ಮುಟ್ಟಿ ಹೇಳುತ್ತಿದ್ದರು. ಮಾವ ಕೇಳಿ ಸುಮ್ಮನಿರುವ ಜಾತಿಯೇ? ಅಕ್ಕ ಏನು ಉಣ್ಣುತ್ತಾಳೆ, ಎಲ್ಲಿ ಓಡಾಡುತ್ತಾಳೆ, ಏನು ಕುಡಿಯುತ್ತಾಳೆ ಎಂದು ತಿಂಗಳುಗಟ್ಟಲೆ ಬೆನ್ನು ಹತ್ತಿದರು. ಕೊನೆಗೆ ಸಿಕ್ಕಿದ್ದು ಅಗ್ಘಣಿ.

ಲಿಂಗಪೂಜೆಗೆ ಮಡಿಯಿಂದ ತಂದು ಅರಿವೆಯಲ್ಲಿ ಸೋಸಿದ ನೀರಿಗೆ ನಮ್ಮಲ್ಲಿ ಅಗ್ಘಣಿ ಎನ್ನುತ್ತಾರೆ. ಪೂಜೆಗೆ ಒಂದು ತಂಬಿಗೆ ಸೋಸಿ, ಕುಡಿಯಲು ಮಾತ್ರ ಬಾವಿಯ ನೀರನ್ನು ಹಾಗೇ ಕುಡಿಯುವುದು ಎಲ್ಲರ ಮನೆಯ ಪದ್ಧತಿ. ಆಯಿ ಕಟ್ಟುನಿಟ್ಟಿನವರು, ಲಿಂಗಕ್ಕೆ ಎರೆಯದ ನೀರನ್ನು ತುಟಿಗೂ ಮುಟ್ಟಿಸುತ್ತಿರಲಿಲ್ಲ. ಕುಡಿಯುವುದೂ ಅಗ್ಘಣಿಯನ್ನೇ.

"ಶಿವಾ ಅಲ್ಲಬೇ ಅಕ್ಕಾ, ಅರಿವಿ!" ಎಂದು ಮಾವ ಕೂಗಿದರು.

"ಅರಿವಿ ಕಟ್ಟಾಕ ಬುದ್ಧಿ ಕೊಟ್ಟಾಂವ ಯಾರೋ?" ಎಂದು ಆಯಿ ತಿರುಗಿ ಕೂಗಿದರು. ಆ ವಾದ ಇಬ್ಬರೂ ಇರುವವರೆಗೆ ಮುಗಿಯಲಿಲ್ಲ.

ಇನ್ನೊಂದನ್ನೂ ಮಾವ ಕಂಡುಹಿಡಿದರು. ಯಾರದೋ ಅಳಿಯ ಒಂದು ಬೇಸಿಗೆಯಲ್ಲಿ ಬಂದು ತಿಂಗಳಿದ್ದು ಹೋಗಿದ್ದ. ನಾರು ಕಾಣದ ಊರಿನವನು. ಮರುಬೇಸಿಗೆಗೆ ಅವನಿಗೆ ಅಲ್ಲೇ ನಾರು ಬಂತು. ಹಾಗಾದರೆ ನೀರಿನಿಂದ ಒಳಗೆ ಹೋದದ್ದು ಹೊರಗೆ ಬರಲು ಒಂದು ವರ್ಷ ಬೇಕು ಎಂದು ಲೆಕ್ಕ ಹಾಕಿದರು. ಇದನ್ನು ಪರೀಕ್ಷೆ ಮಾಡಿ ಹೈದರಾಬಾದಿನ ವೈದ್ಯ ಇಲಾಖೆಯ ದೊಡ್ಡ ಸಾಹೇಬರಿಗೆ ಬರೆದರೆ, ಮೂರು ತಾಲ್ಲೂಕಿಗೂ ಹುಕುಂ ಹೊರಡುತ್ತದೆ, ಊರೂರಿಗೆ ಅರಿವೆ ಬರುತ್ತದೆ ಎಂಬುದು ಅವರ ಆಸೆ. ಆ ಮಾತು ಆಡುವಾಗ ಅವರ ಪೊರೆಗಣ್ಣಲ್ಲಿ ನೀರಾಡುತ್ತಿತ್ತು. ನನಗೂ ಅವರ ಮೇಲೆ ಕಕ್ಕುಲಾತಿ ಉಕ್ಕುತ್ತಿತ್ತು.

ಸಾವಿರದೊಂಬೈನೂರ ನಲವತ್ತೇಳರ ಯುಗಾದಿಯ ಮುಂಚೆ ಒಂದು ಮಧ್ಯಾಹ್ನ ಪುಸ್ತಕ ತೆಗೆಸಿ ಎರಡು ಪುಟದಲ್ಲಿ ಮನೆಗಳನ್ನು ಬರೆಸಿದರು. ಒಂದರಲ್ಲಿ ನಾವಿದ್ದ ಮೇಲಿನ ಓಣಿ, ಇನ್ನೊಂದರಲ್ಲಿ ಕೆಳಗಿನ ಓಣಿ.

"ಮ್ಯಾಲಿನ ಓಣಿ ಸೋಸಬೇಕು, ಕೆಳಗಿನ ಓಣಿ ಹಂಗೇ ಇರಬೇಕು," ಎಂದರು.

"ಎಲ್ಲಾರಿಗೂ ಹೇಳಿದ್ರ ಏನ ಆಗ್ತದ್ರಿ ಮಾವಾರ?"

"ಎಲ್ಲಾರೂ ಸೋಸಿ, ನಾರು ಕಡಿಮಿ ಆಯ್ತಂದ್ರ, ಮಳಿ ಛಲೋ ಆಗಿತ್ತು ಅದಕ್ಕ ಅಂತಾರ. ಸಾಹೇಬ ಕಾಗದ ಹರದು ಒಗಿತಾನ. ಒಂದು ಓಣಿ ಹಂಗೇ ಇದ್ರ ಯಾರೂ ಬಾಯಿ ತೆರಿಯಾಂಗಿಲ್ಲ. ಒಂದು ವರ್ಷದ ಮಾತು ಬೇ."

"ಆ ಓಣ್ಯಾಗ ನಮ್ಮಕ್ಕ ಇದ್ದಾಳ್ರಿ."

ಹೌದು, ನನ್ನ ಒಡಹುಟ್ಟಿದ ಅಕ್ಕನನ್ನೂ ಅದೇ ಊರಿಗೆ ಕೊಟ್ಟಿದ್ದರು, ಕೆಳಗಿನ ಓಣಿಯ ಮನೆಗೆ. ಮಾವ ತಲೆ ತಗ್ಗಿಸಿ, "ಗೊತ್ತದ ಯವ್ವಾ. ಆದ್ರ ಖಾತ್ರಿ ಇಲ್ಲಲ್ಲ. ಖಾತ್ರಿ ಇದ್ರ ಪರೀಕ್ಷಾ ಯಾಕ ಮಾಡ್ತಿದ್ದೆ?" ಎಂದರು. ನಾನು ಅಕ್ಕನ ಮನೆಯನ್ನೂ ಅದರ ಪಕ್ಕದ ಮನೆಯನ್ನೂ ಕೆಳಗಿನ ಓಣಿಯ ಪುಟದಲ್ಲಿ ನನ್ನ ಕೈಯಾರೆ ಬರೆದೆ.

ನೀರಲ್ಲಿ ಕಣ್ಣಿಗೆ ಕಾಣದ ಹುಳವಿದೆ, ಅರಿವೆ ಅದನ್ನು ತಡೆಯುತ್ತದೆ ಎಂದರೆ ಜನ ನಗುತ್ತಾರೆಂದು ಮಾವ ಊರ ಅಯ್ಯನವರ ಬಾಯಿಂದ ನೇಮ ಹೇಳಿಸಿದರು. ಯುಗಾದಿಯಿಂದ ಯುಗಾದಿಗೆ ಮೇಲಿನ ಓಣಿಯವರು ಮನೆಯಲ್ಲಿ ಕುಡಿಯುವ ನೀರು, ಹೊಲಕ್ಕೆ ಒಯ್ಯುವ ನೀರು ಎಲ್ಲವನ್ನೂ ಅಗ್ಘಣಿಯಂತೆ ಸೋಸಬೇಕು, ಆಯಿಗೆ ಶಿವ ಒಲಿದಂತೆ ನಿಮಗೂ ಒಲಿಯುತ್ತಾನೆ ಎಂದು. ಜನ ಕೈಮುಗಿದು ಒಪ್ಪಿದರು. ಒಂದು ವಾರದಲ್ಲಿ ಮೇಲಿನ ಓಣಿಯ ಕೊಡಗಳ ಬಾಯಿಗೆಲ್ಲ ಬಿಳಿ ಅರಿವೆ ಬಿತ್ತು.

ಅಕ್ಕನಿಗೆ ಆಗ ತಾನೇ ಹೆಜ್ಜೆ ಇಡುವ ಹೆಣ್ಣು ಕೂಸು. ಆ ಕೂಸಿನ ಕಾಲಿಗೆ ಕಡ್ಡಿ ಸುತ್ತಿದ ಚಿತ್ರವೇ ಕಣ್ಣ ಮುಂದೆ ಬರುತ್ತಿತ್ತು. ಪರೀಕ್ಷೆ ಮಣ್ಣು ಪಾಲಾಗಲಿ ಎಂದು ಗಂಡನ ಹಳೆಯ ಧೋತರದ ತುಂಡು ಸೆರಗಿನಲ್ಲಿ ಮುಚ್ಚಿಕೊಂಡು ಅಕ್ಕನ ಮನೆಗೆ ಹೋದೆ. "ಎರಡು ಪದರ ಮಾಡಿ ಸೋಸು. ಯಾರಿಗೂ ಹೇಳಬ್ಯಾಡ, ಮಾವಾರಿಗೆ ತಿಳಿದ್ರ ನನ್ನ ಕಥಿ ಮುಗೀತು," ಎಂದೆ. ಅಕ್ಕ ಪಾಪದವಳು, ಯಾಕೆ ಏನು ಎಂದು ಕೇಳಲಿಲ್ಲ.

ಅಕ್ಕನ ಪಕ್ಕದ ಮನೆಯಾಕೆಯನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಸಂಬಂಧವೇನಿರಲಿಲ್ಲ. ಕುರಿ ಸಾಕುವ ಮನೆತನದವಳು. ಹೊಸ ಊರಿನಲ್ಲಿ ನಾನು ಬಿಕ್ಕುತ್ತಿದ್ದಾಗ ಮಡಿಲಿಗೆ ಹುರಿದ ಶೇಂಗಾ ಸುರಿದು, "ಅತ್ತಕೋತ ತಿನ್ನು, ತಿಂದಕೋತ ಅಳು, ಎರಡೂ ಆಗ್ತಾವ," ಎಂದಿದ್ದವಳು. ಕೂರಿಗೆಯ ಹಿಂದೆ ನಡೆಯುತ್ತ ಬಿದಿರಿನ ಕೊಳವೆಯಲ್ಲಿ ನಡುಸಾಲಿನ ಅಕ್ಕಡಿ ಬೀಜ ಬಿಡುವುದರಲ್ಲಿ ಆಕೆಯನ್ನು ಮೀರಿಸಿದವರಿರಲಿಲ್ಲ. ಎತ್ತು ಜೋರಾಗಲಿ ನಿಧಾನವಾಗಲಿ, ಆಕೆಯ ಹೆಜ್ಜೆ ತಪ್ಪುತ್ತಿರಲಿಲ್ಲ, ಬೀಜ ದಟ್ಟ ಆಗುತ್ತಿರಲಿಲ್ಲ, ವಿರಳ ಆಗುತ್ತಿರಲಿಲ್ಲ. ದೊಡ್ಡ ಹೊಲದ ಗೌಡರೂ ಮೊದಲ ಮಳೆ ಬಿದ್ದೊಡನೆ ಆಕೆಯ ಬಾಗಿಲಿಗೆ ಆಳು ಕಳಿಸುತ್ತಿದ್ದರು. ಅದೇ ಆಕೆಯ ಹೆಮ್ಮೆ, ಅದೇ ಆಕೆಯ ಅನ್ನ.

ನಾನು ಅಕ್ಕನ ಮನೆಯಲ್ಲಿದ್ದ ಒಂದು ದಿನ ಚಿಗವ್ವ ಬೆಂಕಿ ಕೇಳಲು ಒಳಗೆ ಬಂದಳು. ಅಕ್ಕ ಕೊಡಕ್ಕೆ ನೀರು ಸೋಸುತ್ತಿದ್ದಳು.

"ಇದೇನ್ ಬೇ, ನೀರಿಗೂ ಸೀರಿ ಉಡಸಾಕತ್ತೀರಿ?"

ಅಕ್ಕ ನನ್ನ ಮುಖ ನೋಡಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. "ಲಿಂಗಪೂಜಿಗಿ, ಚಿಗವ್ವಾ," ಎಂದು ನಾನೇ ಅಂದೆ.

"ಛಲೋ ಆಯ್ತು ತಗೋ. ನಮ್ಮನ್ಯಾಗ ಲಿಂಗಾ ಇಲ್ಲ, ನಮಗ ಈ ತ್ರಾಸೂ ಇಲ್ಲ," ಎಂದು ನಕ್ಕು ಕೆಂಡ ತೆಗೆದುಕೊಂಡು ಹೋದಳು. ಆಕೆಗೂ ಒಂದು ತುಂಡು ಕೊಡಬೇಕೆಂದು ಆ ಕ್ಷಣ ಅನಿಸಿತು. ಅರಿವೆ ಕಂಟ್ರೋಲಿನಲ್ಲಿ ಸಿಗುವ ಕಾಲ, ಇನ್ನೊಂದು ಧೋತರ ಹರಿದರೆ ಗಂಡ ಕೇಳುತ್ತಾನೆ, ಒಂದು ಮನೆ ಸಾಲದೆಂದು ಎರಡು ಮನೆ ಕೆಡಿಸಿದರೆ ಮಾವನ ಪರೀಕ್ಷೆಯಲ್ಲಿ ಉಳಿಯುವುದೇನು? ಹೀಗೆ ನೂರೆಂಟು ನೆವ ಹುಡುಕಿ ಸುಮ್ಮನಾದೆ.

ಶ್ರಾವಣದ ಸುಮಾರಿಗೆ ಗಡಿಯಾಚೆ ಸ್ವಾತಂತ್ರ್ಯ ಬಂತೆಂಬ ಸುದ್ದಿ ಸೊಲ್ಲಾಪುರದ ಕಡೆಯಿಂದ ಬಂತು. ನಮ್ಮ ನಿಜಾಮರ ಸೀಮೆಯಲ್ಲಿ ಬಾವುಟ ಕಟ್ಟುವಂತಿರಲಿಲ್ಲ. ಒಂದು ಮಧ್ಯಾಹ್ನ ಗಸ್ತಿಗೆ ಬಂದ ಸಿಪಾಯಿ ಮೇಲಿನ ಓಣಿಯಲ್ಲಿ ಮನೆಮನೆಯ ಮುಂದೆ ಒಣಗಿದ ಬಿಳಿ ತುಂಡುಗಳನ್ನು ಕಂಡು ಕಣ್ಣು ಕೆಂಪು ಮಾಡಿದ. "ಯೇ ಝಂಡಾ ಹೈ ಕ್ಯಾ?" ಮಾವ ತಮ್ಮ ನೌಕರಿಯ ಉರ್ದುವಿನಲ್ಲಿ, "ನಹೀಂ ಸಾಬ್, ಪಾನೀ ಛಾನನೇಕಾ ಕಪಡಾ," ಎಂದು ಅದು ನೀರು ಸೋಸುವ ಅರಿವೆಯೆಂದು ತಿಳಿಸಿ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಸೋಸಿದ ನೀರು ಕುಡಿಸಿ, ನಾರುಹುಣ್ಣಿನ ಪುರಾಣ ಹೇಳತೊಡಗಿದರು. ಅವನ ಕಾಲಲ್ಲೂ ಹಳೆಯ ನಾರಿನ ಕಲೆ ಇತ್ತು. ಹೋಗುವಾಗ ಒಂದು ತುಂಡು ಕೇಳಿ ಪಡೆದು ಕಿಸೆಯಲ್ಲಿಟ್ಟುಕೊಂಡು ಹೋದ. ಪರವೂರ ಸಿಪಾಯಿಗೆ ಸಿಕ್ಕ ಅರಿವೆ ಕೆಳಗಿನ ಓಣಿಗೆ ಸಿಗಲಿಲ್ಲ, ನೋಡಿ.

ಮರುವರ್ಷದ ಯುಗಾದಿ ಕಳೆಯಿತು. ಬಿಸಿಲು ಏರಿದಂತೆ ಮಾವ ದಿನವೂ ನನ್ನ ಕೈ ಹಿಡಿದು ಎರಡೂ ಓಣಿ ಸುತ್ತಿದರು. ಮೇಲಿನ ಓಣಿಯಲ್ಲಿ ಒಬ್ಬನಿಗೆ ನಾರು ಎದ್ದಿತು. ಹಿಂದಿನ ಬೇಸಿಗೆಯೆಲ್ಲ ಅವನು ಅಫಜಲಪುರದ ಕಡೆ ಗೌಂಡಿ ಕೆಲಸಕ್ಕೆ ಹೋಗಿದ್ದವನು. ಉಳಿದವರು ಎಲ್ಲರೂ ನೆಟ್ಟಗೆ ಓಡಾಡಿಕೊಂಡಿದ್ದರು. ಕೆಳಗಿನ ಓಣಿಯಲ್ಲಿ ಮನೆ ಬಿಟ್ಟು ಮನೆ ನರಳಿಕೆ. ಮಾವನಿಗೆ ಮೊದಲ ಕೆಲವು ದಿನ ಹುರುಪು, "ಬರಿ ಬೇ, ಬರಿ!" ಎನ್ನುತ್ತಿದ್ದರು. ಆಮೇಲೆ ಆ ದನಿ ಇಳಿಯಿತು. ಗೆದ್ದ ಮನುಷ್ಯ ರಾತ್ರಿ ರೊಟ್ಟಿ ಬಿಟ್ಟು ಏಳುವುದನ್ನು ನಾನು ಅವರಲ್ಲೇ ಕಂಡೆ.

ಚಿಗವ್ವನಿಗೆ ಎಡಗಾಲಿನ ಮೊಣಕಾಲ ಕೆಳಗೆ ಎದ್ದಿತು. ಕಡ್ಡಿ ಕಟ್ಟಿ ದಿನಕ್ಕೊಂದು ಸುತ್ತು ಸುತ್ತುತ್ತ, "ನೂಲೂ ನಂದೇ, ರಾಟೀನೂ ನಂದೇ," ಎಂದು ತಮಾಷೆ ಮಾಡುತ್ತಿದ್ದಳು. ಅರ್ಧ ಬಂದಿತ್ತು, ಅಷ್ಟರಲ್ಲಿ ಮೊದಲ ಮಳೆ ಬಿತ್ತು. ಹೊಲ ಹದವಾಯಿತು, ಬಾಗಿಲಿಗೆ ಕರೆ ಬಂತು. ಒಂದು ದಿನ ತಡೆದಳು, ಎರಡು ದಿನ ತಡೆದಳು. ಮೂರನೆಯ ದಿನ ಇಷ್ಟನ್ನೂ ಇಂದೇ ತೆಗೆದುಬಿಡುತ್ತೇನೆಂದು ಎಳೆದಳು. ಹುಳ ಹರಿದು ಒಳಗೆ ಸೇರಿತು.

ಕಾಲು ತೊಡೆಯವರೆಗೆ ಬಾತಿತು. ಜ್ವರದಲ್ಲಿ ಹೆಸರುಗೊತ್ತಿಲ್ಲದ ದೇವರನ್ನೆಲ್ಲ ಕರೆದಳು. ಬೇವಿನೆಲೆ, ಅರಿಸಿನ, ಬಿಸಿ ಶಾಖ, ಏನು ಮಾಡಿದರೂ ಕೀವು ನಿಲ್ಲಲಿಲ್ಲ. ಜೀವ ಉಳಿಯಿತು. ಆದರೆ ಮೊಣಕಾಲು ಮಡಚುವುದು ನಿಂತೇಹೋಯಿತು. ಆ ಬಿತ್ತಿಗೆಯಲ್ಲಿ ಅವಳ ಸ್ವಂತ ಹೊಲದಲ್ಲೇ ಬೇರೆ ಹೆಂಗಸು ಕೂರಿಗೆಯ ಹಿಂದೆ ನಡೆದಳು. ಚಿಗವ್ವ ಬದುವಿನ ಮೇಲೆ ಕೋಲು ಹಿಡಿದು ಕೂತು, "ದಟ್ಟ ಬಿಡಾಕತ್ತೀ ಲೇ, ಕೈ ಬಿಗಿ ಹಿಡಿಯೇ!" ಎಂದು ಕೂಗುತ್ತಿದ್ದಳಂತೆ. ಅಕ್ಕ ಬಂದು ಹೇಳಿದಾಗ ನಾನು ಒಲೆಯ ಮುಂದೆ ಕೂತು ಅತ್ತೆ.

ಆ ವಾರವೇ ಮಾವ ಪುಸ್ತಕ ತೆಗೆಸಿದರು. ನಾನು ಕೆಳಗಿನ ಓಣಿಯ ಪುಟವನ್ನು ಮೊದಲಿನಿಂದ ಓದಿದೆ. ನಾರು, ನಾರು, ನಾರು. ಅಕ್ಕನ ಮನೆ ಬಂತು, "ಇಲ್ಲ" ಎಂದೆ. ಮುಂದೆ ಮತ್ತೆ ನಾರು.

"ತಡಿ," ಎಂದರು. "ಅದೇ ಬಾವಿ, ಅದೇ ಓಣಿ. ನಿಮ್ಮಕ್ಕನ ಮನಿ ಒಂದೇ ಯಾಕ ಉಳೀತು?"

"ನಾನ ಅರಿವಿ ಕೊಟ್ಟೇನ್ರಿ," ಎಂದೆ. ಬಯ್ದರೆ ತಿರುಗಿ ಬಯ್ಯಲು ಒಂದು ವರ್ಷದಿಂದ ಮಾತು ಕೂಡಿಟ್ಟಿದ್ದೆ. ಮಾವ ಬಯ್ಯಲೇ ಇಲ್ಲ. ಪುಸ್ತಕದ ಮೇಲೆ ಅಂಗೈ ಆಡಿಸಿದರು.

"ನೀ ಮಾಡಿದ್ದು ಛಲೋ ಆಯ್ತು ಯವ್ವಾ. ನಾ ಮಾಡಿದ್ದು ಛಲೋ ಆಗಲಿಲ್ಲ," ಎಂದರು. ಆಮೇಲೆ ಎದ್ದು ಕೋಲು ಹುಡುಕಿದರು. "ನಡಿ, ಆಕಿ ಮನಿಗೆ ಹೋಗೂಣು. ಹೈದರಾಬಾದಿಗೆ ಆಮ್ಯಾಲೆ ಬರಿಯೂಣು, ಮದಲ ಆಕಿಗೆ ಹೇಳಬೇಕು."

ಚಿಗವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಹಿರಿಯರು ಬಂದರೆಂದು ಕಾಲು ಮಡಚಲು ನೋಡಿದಳು, ಆಗಲಿಲ್ಲ, ಸೆರಗು ಎಳೆದು ಮುಚ್ಚಿದಳು. ಮಾವ ತಲೆಯ ರುಮಾಲು ತೆಗೆದು ಅವಳ ಮುಂದೆ ನೆಲದ ಮೇಲಿಟ್ಟರು. ಅರಿವೆ, ಹುಳ, ಎರಡು ಓಣಿ, ತಕ್ಕಡಿ, ಎಲ್ಲವನ್ನೂ ಏನೂ ಮುಚ್ಚದೆ ಹೇಳಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ತಡೆಯಲಾಗದೆ, "ಲಿಂಗಪೂಜಿಗಿ ಅಂತ ಸುಳ್ಳ ಹೇಳಿದ್ದು ನಾನು, ಚಿಗವ್ವಾ. ಅಕ್ಕಗ ಅರಿವಿ ಕೊಟ್ಟಿದ್ದೂ ನಾನು," ಎಂದೆ.

ಆಕೆ ರುಮಾಲನ್ನು ಎತ್ತಿ ಧೂಳು ಕೊಡವಿ ಮಾವನ ಕೈಗೆ ಕೊಟ್ಟಳು. "ತಲಿ ಮ್ಯಾಲ ಇಟ್ಕೋರಿ ಯಪ್ಪಾ. ನಿಮಗ ಖಾತ್ರಿ ಇರಲಿಲ್ಲ, ಪರೀಕ್ಷಾ ಮಾಡೀರಿ." ಆಮೇಲೆ ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ, ಅದೇ ಶೇಂಗಾ ಕೊಟ್ಟ ಮುಖ.

"ನಿನಗ ಖಾತ್ರಿ ಇತ್ತಲ್ಲ, ಮಗಳ?"

ನಾನು ಮನೆಗೆ ಓಡಿದೆ. ಮನೆಯ ಗಳದ ಮೇಲೆ ಒಣಗುತ್ತಿದ್ದ ಗಂಡನ ಧೋತರವನ್ನು, ಹೊಸದೋ ಹಳೆಯದೋ ನೋಡದೆ, ಎಳೆದುಕೊಂಡು ತಿರುಗಿ ಬಂದೆ. ಹಲ್ಲಿನಿಂದ ಕಚ್ಚಿ ಹರಿದು ಅವಳ ಕೊಡದ ಬಾಯಿಗೆ ಕಟ್ಟತೊಡಗಿದೆ. ಕಣ್ಣು ಕಾಣದೆ ಗಂಟು ಜಾರುತ್ತಿತ್ತು.

"ಅಳೂದು ಆಮ್ಯಾಲೆ ಬೇ," ಎಂದಳು ಚಿಗವ್ವ ಕೂತಲ್ಲಿಂದಲೇ. "ಮದಲ ಗಟ್ಟಿ ಕಟ್ಟು. ಉಳಿದದ್ದು ಹರದು ತಾ ಇಲ್ಲೆ, ಆ ಕಡಿ ಮನಿಯವರಿಗೂ ಬೇಕು."